ಹದಿನಾಲ್ಕು ಮನೆ, ಹದಿನಾಲ್ಕು ಚೀಟಿ

ಅಕ್ಟೋಬರ್ 9, ಗುರುವಾರ

ಇದನ್ನು ಬರೆಯದೆ ಬಿಟ್ಟುಬಿಡುತ್ತಿದ್ದೆ. ಪೆನ್ನು ಮುಚ್ಚಿಟ್ಟು ಎದ್ದವಳು ಮತ್ತೆ ಬಂದು ಕುಳಿತಿದ್ದೇನೆ. ಶಹಾಬಾದಿನ ಕೆಳಗಿನ ಓಣಿಯ ಹದಿನಾಲ್ಕು ಮನೆಗಳಲ್ಲಿ ಒಂದರೊಳಗೂ ನಾನು ಕಾಲಿಟ್ಟಿರಲಿಲ್ಲ.

ಕಾಗಿಣಾ ಹೊಳೆಯ ನೆರೆ ಇಳಿದ ಮೂರನೆಯ ದಿನ ಹಾನಿಯ ಸಮೀಕ್ಷೆಗೆ ನನ್ನನ್ನು ಕಳಿಸಿದ್ದರು. ನಾನು ಚಿತ್ತಾಪುರದಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು. ಚುನಾವಣೆಗೂ ನಾವೇ, ಗಣತಿಗೂ ನಾವೇ, ನೆರೆಗೂ ನಾವೇ. ಪ್ರತಿ ಹೊಸ್ತಿಲ ಮುಂದೆ ನಿಂತೆ. ಒಳಗೆ ಮೊಣಕಾಲುದ್ದ ರಾಡಿ. ಫಾರ್ಮಿನಲ್ಲಿ ‘ಗೋಡೆ’ ಎಂದಿತ್ತು, ಪಕ್ಕದಲ್ಲಿ ಎರಡು ಚೌಕ: ನಿಂತಿದೆ, ಬಿದ್ದಿದೆ. ಗೋಡೆಗಳು ಕಣ್ಣೆದುರೇ ನಿಂತಿದ್ದವು. ‘ನಿಂತಿದೆ’ಗೆ ಗುರುತು ಹಾಕಿದೆ. ಹದಿನಾಲ್ಕು ಸಲ.

ಹೊಸ ಚಪ್ಪಲಿ ಹಾಕಿದ್ದೆ ಎಂಬುದು ಕಾರಣವಲ್ಲ. ಆದರೆ ಹಾಕಿದ್ದೆ.

ಆ ಮನೆಗಳವರಿಗೆಂದು ಶಹಾಬಾದಿನ ವಾಡಿ ರಸ್ತೆಯಲ್ಲಿ, ಎಷ್ಟೋ ವರ್ಷದಿಂದ ಮುಚ್ಚಿದ್ದ ಹಾಸ್ಟೆಲ್ಲಿನ ಬೀಗ ತೆಗೆಸಿ ಕಾಳಜಿ ಕೇಂದ್ರ ಮಾಡಿದ್ದಾರೆ. ಅದರ ಉಸ್ತುವಾರಿಯೂ ನನ್ನದೇ. ಐದು ಕುಟುಂಬಗಳು ಈಗಾಗಲೇ ವಾಪಸ್ ಹೋಗಿವೆ. ಒಂಬತ್ತು ಉಳಿದಿವೆ. ಇಂದು ಮೇಲಧಿಕಾರಿ ಸುರೇಶಕುಮಾರ ಫೋನ್ ಮಾಡಿ, ನವೆಂಬರ್ ಮೂರಕ್ಕೆ ಕಟ್ಟಡ ಖಾಲಿಯಾಗಬೇಕು, ಎಲ್ಲರೂ ‘ಸ್ವಇಚ್ಛೆಯಿಂದ ಮರಳಿದ್ದಾರೆ’ ಎಂಬ ವರದಿಗೆ ನಾನು ಸಹಿ ಹಾಕಬೇಕು ಎಂದರು. ಯಾಕೆ ಎಂದು ಕೇಳಿದೆ.

“ಗ್ವಾಡಿ ನಿಂತಾವ ಅಂತ ನೀವೇ ಬರ್ದೀರಲ್ರಿ, ರಾಧಿಕಾ ಮೇಡಂ.”

ಅಂಗಳದಲ್ಲಿ ನಿಂತು ಆ ಜನಕ್ಕೆ ವಿಷಯ ತಿಳಿಸಿದೆ. ಮಾಳಮ್ಮ ಎಂಬ ಮುದುಕಿ ಎಲೆಯಡಿಕೆ ಉಗುಳಿ ಬಂದು ನನ್ನ ಮುಂದೆ ನಿಂತಳು.

“ನಿಂತದ್ದೆಲ್ಲಾ ಗ್ವಾಡಿ ಅಲ್ರಿ ಅಕ್ಕೋರೆ. ನಮ್ಮ ಹಿರೇ ಅಳಿಯನೂ ಕುಡದು ಬಾಗಲದಾಗ ನಿಂತಿರ್ತಾನ. ಅವನ ಮ್ಯಾಲ ಮಾಳಿಗಿ ಪರಸಿ ಹೊರಸ್ತೀರೇನು?”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಐದರ ರೈಲಿಗೆ ವಾಡಿಯ ಮನೆಗೆ ಹೊರಟುಬಂದೆ. ಆ ಜನ ಯಾಕೆ ಹೀಗೆ ಹಟ ಹಿಡಿಯುತ್ತಾರೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಅಕ್ಟೋಬರ್ 11, ಶನಿವಾರ

ಹಟವಲ್ಲ.

ಹಾಸ್ಟೆಲ್ಲಿನಲ್ಲಿರುವ ಗನಿಸಾಬ ಗೌಂಡಿ. ಆ ಓಣಿಯ ಅರ್ಧ ಮನೆಗಳ ಕಲ್ಲು ಜೋಡಿಸಿದವನು. ಬೆಳಿಗ್ಗೆ ನಾನು ಬರುವುದನ್ನೇ ಕಾಯುತ್ತಿದ್ದ. “ಬರ್ರಿ ಮೇಡಂ, ಒಂದ್ ಸಲ ಒಳಗ ಬಂದು ನೋಡ್ರಿ. ಆಮ್ಯಾಲ ನೀವು ಹೋಗು ಅಂದ್ರ ಹೋಗ್ತೀವಿ” ಎಂದ. ಹಳೆಯ ಚಪ್ಪಲಿ ಹಾಕಿಕೊಂಡಿದ್ದೆ. ಬೇಕೆಂದೇ ಹಾಕಿಕೊಂಡಿದ್ದೆನೋ ಏನೋ.

ಮಾಳಮ್ಮನ ಮನೆಗೆ ಕರೆದೊಯ್ದ. ಇಲ್ಲಿ ಗೋಡೆಯೂ ಕಲ್ಲು, ಮಾಳಿಗೆಯೂ ಕಲ್ಲು. ಚಪ್ಪಟೆ ಕಲ್ಲನ್ನು ಒಂದರ ಮೇಲೊಂದು ಇಟ್ಟು, ನಡುವೆ ಮಣ್ಣು ತುಂಬಿ ಗೋಡೆ ಎಬ್ಬಿಸುತ್ತಾರೆ. ಅದರ ಮೇಲೆ ಉದ್ದನೆಯ ಕಲ್ಲುಚಪ್ಪಡಿಗಳನ್ನು, ಅಂದರೆ ಪರಸಿಗಳನ್ನು, ಹೊದಿಸುತ್ತಾರೆ. ಮಲಗಿದರೆ ಕಣ್ಣಿಗೆ ಕಾಣುವುದು ಆ ಪರಸಿಯೇ. ಗನಿಸಾಬ ಎರಡು ಕಲ್ಲುಗಳ ಸಂದಿಗೆ ತೋರುಬೆರಳು ತೂರಿಸಿದ. ಪೂರ್ತಿ ಒಳಗೆ ಹೋಯಿತು.

“ನೀವೂ ಹಾಕ್ರಿ.”

ಹಾಕಿದೆ. ಒಳಗೆ ತಣ್ಣಗೆ, ಖಾಲಿ.

“ಮಣ್ಣೆಲ್ಲಾ ಹೊಳಿ ಒಯ್ದದ. ಕಲ್ಲಿನ ಮ್ಯಾಲ ಕಲ್ಲು ಬರೇ ಕುಂತಾವ. ಹಸಿ ಇರೋತನಕ ಹಿಡಕೊಂಡಿರ್ತಾವ. ಬಿಸಲು ಬಿದ್ದು ಉಳದ ಮಣ್ಣು ಒಣಗ್ತು ಅಂದ್ರ ಸಡ್ಲ ಆಗ್ತಾವ. ಮಳ್ಯಾಗ ಬೀಳೂ ಮನಿ ಅಲ್ರಿ ಇದು, ಬಿಸಲಾಗ ಬೀಳೂ ಮನಿ.”

ಬಿಸಿಲು ಬಿದ್ದು ವಾರವಾಗಿದೆ. ಐದು ಮನೆಗಳಲ್ಲಿ ಈ ಕ್ಷಣ ಜನ ಇದ್ದಾರೆ.

“ಇದನ್ನು ಆಫೀಸಿಗೆ ತೋರಿಸುವುದು ಹೇಗೆ?” ಎಂದೆ. ಬೆರಳು ತೂರಿಸಿ ನೋಡಿ ಎಂದು ವರದಿಯಲ್ಲಿ ಬರೆಯಲಾಗುವುದಿಲ್ಲ.

ಗನಿಸಾಬ ಗಡ್ಡ ಕೆರೆದುಕೊಂಡ. ತನ್ನ ಉಸ್ತಾದ ಒಂದು ಪದ್ಧತಿ ಕಲಿಸಿದ್ದ ಎಂದ. ಗೋಡೆಯ ಮೇಲೆ ಅನುಮಾನ ಬಂದರೆ, ಸಂದಿಗೆ ಅಡ್ಡಲಾಗಿ ಕಾಗದದ ಚೀಟಿಯನ್ನು ಬಿಗಿಯಾಗಿ ಅಂಟಿಸುವುದು. ಗೋಡೆ ಕದಲದಿದ್ದರೆ ಚೀಟಿ ಹಾಗೇ ಇರುತ್ತದೆ. ಒಂದು ಕೂದಲೆಳೆಯಷ್ಟು ಕದಲಿದರೂ ಹರಿಯುತ್ತದೆ.

“ಕಾಗದ ಸುಳ್ಳು ಹೇಳಂಗಿಲ್ರಿ” ಎಂದ. ನಾನು ಆ ಕಡೆ ಈ ಕಡೆ ನೋಡಿದೆ.

ಅಕ್ಟೋಬರ್ 12, ಭಾನುವಾರ

ಚೀಲದಲ್ಲಿದ್ದ ಕಾಗದ ಒಂದೇ: ಉಳಿದ ಸಮೀಕ್ಷೆಯ ಫಾರ್ಮುಗಳು. ಉದ್ದುದ್ದ ಕತ್ತರಿಸಿದೆವು. ಗನಿಸಾಬನ ಹೆಂಡತಿ ಸೈದಾನಬಿ ಗೋಧಿಹಿಟ್ಟಿನ ಅಂಟು ಕಾಯಿಸಿಕೊಟ್ಟಳು. ಹದಿನಾಲ್ಕು ಮನೆ, ಹದಿನಾಲ್ಕು ಚೀಟಿ, ಪ್ರತಿಯೊಂದರ ಮೇಲೆ ಇಂದಿನ ತಾರೀಖು, ನನ್ನ ಸಹಿ.

ಜನ ವಾಪಸ್ ಬಂದಿದ್ದ ಐದು ಮನೆಗಳಲ್ಲೂ, ಇದು ಏನು ಎಂದು ಹೇಳಿದೆ. ಅವರು ಚೀಟಿ ನೋಡಿದರು, ನನ್ನನ್ನು ನೋಡಿದರು. ದೇವಿಂದ್ರ ಎಂಬವನು ಕೇಳಿದ: “ಹೋಗು ಅಂದವರೂ ನೀವೇ, ಅಂಜಸವರೂ ನೀವೇ. ಯಾವ ಮೇಡಂ ಮಾತು ಕೇಳಬೇಕ್ರಿ ನಾವು?”

ಅವನ ಗೋಡೆಗೂ ಚೀಟಿ ಅಂಟಿಸಿ ಹೊರಬಂದೆ.

ಅಕ್ಟೋಬರ್ 16, ಗುರುವಾರ

ನಿನ್ನೆಯಿಂದ ಊಟದ ಗಾಡಿ ಬರುತ್ತಿಲ್ಲ. ಕಾರಣ ಕೇಳಿದರೆ, ನೆರೆ ಮುಗಿದಿದೆ ಎಂದರು. ನೆರೆ ಮುಗಿದದ್ದು ನದಿಗೆ.

ನಾನು ಹೋಗುವ ಹೊತ್ತಿಗೆ ಆ ಜನ ಅದನ್ನು ದೊಡ್ಡ ಸುದ್ದಿಯಾಗಿ ಮಾಡಿಕೊಂಡಿರಲಿಲ್ಲ. ಹಾಸ್ಟೆಲ್ಲಿನ ಹಳೆಯ ಅಡುಗೆಮನೆಯ ಇಲಿ ಓಡಿಸಿ ಒಲೆ ಹೂಡಿದ್ದರು. ಗಿರಣಿಯವನು ಜೋಳವನ್ನು ಬಿಟ್ಟಿ ಬೀಸಿಕೊಟ್ಟಿದ್ದ. ಮಸೀದಿಯ ಕಡೆಯಿಂದ ಬೇಳೆ ಬಂದಿತ್ತು, ಬುದ್ಧ ವಿಹಾರದ ಹೆಣ್ಣುಮಕ್ಕಳು ಎಣ್ಣೆ, ಖಾರ ತಂದಿದ್ದರು. ರೊಟ್ಟಿಯ ತವಾ ಮಾತ್ರ ಒಂದೇ ಇತ್ತು. ಅದು ಸೈದಾನಬಿಯದು. ನೀರು ಬಂದ ದಿನ ಅವಳು ಮನೆಯಿಂದ ಎತ್ತಿಕೊಂಡು ಓಡಿದ ಒಂದೇ ಒಂದು ಸಾಮಾನು.

ಮಾಳಮ್ಮ ಮೊದಲ ವಾರ ಬೇರೆ ಮೂರು ಕಲ್ಲು ಹೂಡಿಕೊಂಡು ತನ್ನದೇ ಗಂಜಿ ಕಾಯಿಸಿಕೊಳ್ಳುತ್ತಿದ್ದಳು. ಇಂದು ಆ ತವಾದ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಸೈದಾನಬಿ ಬೇಯಿಸುತ್ತಿದ್ದಳು.

“ಮಾಳಮ್ಮಕ್ಕಾ, ಇದೇನ್ ರೊಟ್ಟಿನೋ ಹಿಂದುಸ್ತಾನದ ನಕಾಶಿನೋ?”

“ನಿನ್ನ ತವಾನೇ ತೆಗ್ಗು ಬಿದ್ದದ, ಸೈದಾನಿ. ನೀ ಬಂದ ಮ್ಯಾಲ ಅದರ ಮಾರಿ ಸೊಟ್ಟಾಗ್ಯಾದ.”

“ನಾ ತಂದ ತವಾನೇ ಇದು!”

“ಅದಕ್ಕಽ ಮತ್ತ.”

ನನಗೂ ಒಂದು ಕೊಟ್ಟರು. ನನ್ನ ಡಬ್ಬಿ ಇದೆ ಎಂದೆ. “ಡಬ್ಬಿ ಮಕ್ಕಳಿಗಿ ಕೊಡ್ರಿ, ನೀವು ಬಿಸೀದು ತಿನ್ರಿ” ಎಂದು ಸೈದಾನಬಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿದಳು. ತಿಂದೆ. ಐದರ ರೈಲು ತಪ್ಪಿತು. ಏಳರದಕ್ಕೆ ಬಂದೆ.

ನಾನು ಓದಿದ ಇಂಗ್ಲಿಷ್ ಶಾಲೆಯಲ್ಲಿ ಮೂರನೆಯ ತರಗತಿಗೆ ‘ನನ್ನ ಮನೆ’ ಎಂಬ ಪ್ರಬಂಧವಿತ್ತು. ನಮ್ಮ ಮನೆಗೆ ಕೆಂಪು ಹೆಂಚು, ಚಿಮಣಿ ಇದೆ ಎಂದು ಬರೆದು ಹತ್ತಕ್ಕೆ ಒಂಬತ್ತು ಅಂಕ ತೆಗೆದುಕೊಂಡಿದ್ದೆ. ವಾಡಿಯಲ್ಲಿ ಚಿಮಣಿ ಇದ್ದದ್ದು ಸಿಮೆಂಟ್ ಕಾರ್ಖಾನೆಗೆ ಮಾತ್ರ. ನಾವಿದ್ದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ನಿವೃತ್ತರಾದ ಮೇಲೆ ಅದನ್ನು ಬಿಡಬೇಕಾಯಿತು. ಅಮ್ಮ ಪೆಟ್ಟಿಗೆಗಳ ನಡುವೆ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಇದು ಯಾಕೆ ಈಗ ನೆನಪಾಯಿತು?

ಅಕ್ಟೋಬರ್ 19, ಭಾನುವಾರ

ಮೂರು ಚೀಟಿ ಹರಿದಿವೆ.

ಅಕ್ಟೋಬರ್ 22, ಬುಧವಾರ

ಏಳು. ದೀಪಾವಳಿಯ ಪಾಡ್ಯ. ಸುರೇಶಕುಮಾರರಿಗೆ ಫೋಟೋ ಕಳಿಸಿದೆ. ‘ಶುಭಾಶಯಗಳು’ ಎಂದು ಉತ್ತರ ಬಂತು.

ಅಕ್ಟೋಬರ್ 25, ಶನಿವಾರ

ಮಾಳಮ್ಮನ ಮನೆ ಬಿತ್ತು.

ಮಧ್ಯಾಹ್ನ ಹನ್ನೆರಡಕ್ಕೆ. ಮಳೆಯಿಲ್ಲ, ಗಾಳಿಯಿಲ್ಲ, ಸ್ವಚ್ಛ ಬಿಸಿಲು. ಅವಳು ಕೌದಿ ಒಣಹಾಕಲು ಹೋಗಿದ್ದಳು. ಅಂಗಳದ ಬೇಲಿಗೆ ಕೌದಿ ಹರಡಿ ತಿರುಗಿದಾಗ ಗೋಡೆಯ ಹೊಟ್ಟೆ ಹೊರಗೆ ಬಂದಿತ್ತಂತೆ. “ಬಸರಿ ಹೆಂಗಸಿನ ಗತಿ ಒಂದ್ ಗಳಿಗಿ ಹಂಗೇ ನಿಂತ್ತು ನೋಡ್ರಿ, ಆಮ್ಯಾಲ ಕುಂತೇ ಬಿಟ್ತು” ಎಂದಳು. ನಾನು ಹೋದಾಗ ಅವಳು ಬೇಲಿಯ ಪಕ್ಕ ನಿಂತೇ ಇದ್ದಳು. ಮಾಳಿಗೆಯ ಪರಸಿಗಳು ನಾಲ್ಕು ತುಂಡಾಗಿ, ಅವಳು ಮಲಗುತ್ತಿದ್ದ ಕಟ್ಟೆಯ ಮೇಲೆಯೇ ಬಿದ್ದಿದ್ದವು.

“ಈಗರ ಕಾಣಸ್ತದೇನ್ರಿ ಅಕ್ಕೋರೆ? ಈಗ ಇನ್ನೊಂದು ಚೌಕಕ್ಕ ಗುರ್ತು ಹಾಕ್ರಿ.”

ಆ ಮೇಲೆ ಬಿದ್ದ ಕಲ್ಲುಗಳ ಕಡೆ ಹೆಜ್ಜೆ ಇಟ್ಟಳು. ನಾನು ಹಿಡಿದುಕೊಂಡೆ. ಎಷ್ಟು ಹಗುರ ಇದ್ದಾಳೆ.

ಯಾರನ್ನೂ ಕೇಳಲಿಲ್ಲ. ಗನಿಸಾಬನ ಜೊತೆ, ಜನ ವಾಪಸ್ ಹೋಗಿದ್ದ ಆ ಐದು ಮನೆಗಳಿಗೆ ಹೋದೆ. ಐದರಲ್ಲೂ ಚೀಟಿ ಹರಿದಿತ್ತು. ದೇವಿಂದ್ರನ ಮನೆಯ ಚೀಟಿ ‘ನಿಂತಿದೆ’ ಎಂಬ ಮುದ್ರಿತ ಪದದ ಪಕ್ಕದಲ್ಲೇ ಎರಡಾಗಿತ್ತು. ಅವನ ಮಗಳು ಅದೇ ಗೋಡೆಗೆ ಒರಗಿ ಬಳಪ ಹಿಡಿದು ಕುಳಿತಿದ್ದಳು.

“ನಾನು ಬರೆದದ್ದು ತಪ್ಪು, ದೇವಿಂದ್ರ. ಒಳಗೆ ಬರದೇ ಬರೆದೆ. ಸಾಮಾನು ಕಟ್ಟಿ.”

ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅವನು ಬಳಪದ ಡಬ್ಬಿ ಎತ್ತಿ ನನ್ನ ಕೈಗೆ ಕೊಟ್ಟು, ಮಗಳನ್ನು ಎತ್ತಿಕೊಂಡ. “ಇಷ್ಟ್ ಹೇಳಾಕ ಇಷ್ಟ್ ದಿನ ಬೇಕಾಯ್ತೇನ್ರಿ?” ಎಂದ, ಅಷ್ಟೇ.

ಸಂಜೆಯ ಹೊತ್ತಿಗೆ ಹಾಸ್ಟೆಲ್ಲಿನಲ್ಲಿ ಹದಿನಾಲ್ಕು ಕುಟುಂಬ.

ಅಕ್ಟೋಬರ್ 27, ಸೋಮವಾರ

ಸುರೇಶಕುಮಾರ ಖುದ್ದು ಬಂದರು. ಅಂಗಳದಲ್ಲಿ ಒಣಗುತ್ತಿದ್ದ ಬಟ್ಟೆಗಳನ್ನು ಎಣಿಸುವಂತೆ ನೋಡಿದರು.

“ಖಾಲಿ ಮಾಡಸ್ರಿ ಅಂದ್ರ ತುಂಬಸಾಕತ್ತೀರಲ್ರಿ ಮೇಡಂ!”

ಚೀಟಿಗಳ ವಿಷಯ ಹೇಳಿದೆ. ಅವರು ಕೆಟ್ಟ ಮನುಷ್ಯನಲ್ಲ. ಕುರ್ಚಿ ಎಳೆದುಕೊಂಡು ಮೆಲ್ಲನೆ ಮಾತಾಡಿದರು. “ಮುದುಕಿ ಮನಿ ಬಿದ್ದದ, ಅದೊಂದು ತಿದ್ದೋಣ. ಸಮೀಕ್ಷೆ ಆದ ಮ್ಯಾಲ ಬಿತ್ತು ಅಂತ ಬರ್ದ್ರ ನಿಮ್ಮ ತಪ್ಪೂ ಅಲ್ಲ, ನಂದೂ ಅಲ್ಲ. ಉಳದವು ಹಂಗೇ ಇರ್ಲಿ. ಒಳಗ ಹೋಗದೇ ಬರ್ದೆ ಅಂತ ನೀವೇ ಬರ್ಕೊಟ್ರ ಅಮಾನತು ಮಾಡ್ತಾರ್ರಿ. ನಿಮ್ಮ ಬಡ್ತಿ ಫೈಲು ಮ್ಯಾಲ ಹೋಗ್ಯಾದ. ಯಾಕ್ ಬೇಕು?”

ಯಾಕೆ ಬೇಕು ಎಂಬುದನ್ನು ನಾನೂ ನಿಜವಾಗಿ ಯೋಚಿಸಿದೆ. ನನ್ನ ಆತ್ಮಸಾಕ್ಷಿಯನ್ನು ತೊಳೆದುಕೊಳ್ಳಲು ಈ ಜನರನ್ನು ಬಳಸಿಕೊಳ್ಳುತ್ತಿದ್ದೇನೆಯೇ? ಇರಬಹುದು. ಆದರೂ ಪರಸಿಯ ಭಾರ ಕಡಿಮೆಯಾಗುವುದಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿದ್ದ ಮಾಳಮ್ಮ ಹೇಳಿದಳು: “ಸಾಹೇಬರ, ನಂದೊಂದು ತಿದ್ದಬ್ಯಾಡ್ರಿ. ನಂದ್ ಬಿತ್ತಂತ ನಾ ಒಬ್ಬಾಕಿ ದಾಟಿ ಹೋಗ್ಲೇನು? ತಿದ್ದಿದ್ರ ಎಲ್ಲಾ ತಿದ್ರಿ, ಇಲ್ಲಾಂದ್ರ ನನ್ನ ಮನೀನೂ ನಿಂತದ ಅಂತ ಬರೀರಿ. ನಿಮ್ಮ ಕಾಗದದಾಗ ನಿಂತಿರ್ಲಿ.”

ಸುರೇಶಕುಮಾರ ಎದ್ದರು. “ಮೂರನೇ ತಾರೀಖು ಹನ್ನೊಂದಕ್ಕ ಕೀಲಿಕೈ ನನ್ನ ಟೇಬಲ್ ಮ್ಯಾಲಿರ್ಬೇಕ್ರಿ” ಎಂದರು.

“ಪತ್ರ ಬರೆಯುತ್ತೇನೆ, ಸರ್. ನೇರವಾಗಿ ಜಿಲ್ಲಾಧಿಕಾರಿಗಳಿಗೆ.”

“ಬರ್ದ್ರ ನನ್ನ ಮುಖಾಂತರ ಕೊಡ್ರಿ.”

“ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುತ್ತೇನೆ. ರಸೀದಿ ಸಿಗುತ್ತದೆ.”

ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ತರಗತಿಯಲ್ಲೂ ಇಷ್ಟು ಗಟ್ಟಿ ಮಾತಾಡುವುದಿಲ್ಲ.

ಅಕ್ಟೋಬರ್ 30, ಗುರುವಾರ

ನಾಲ್ಕು ದಿನದಿಂದ ಪತ್ರ ಬರೆದು ಹರಿಯುತ್ತಿದ್ದೇನೆ. ಮೊದಲು ಇಂಗ್ಲಿಷಿನಲ್ಲಿ ಬರೆದೆ. ಇಂಗ್ಲಿಷಿನಲ್ಲಿ ನಾನು ಬಲು ಬೇಗ ಸಭ್ಯಳಾಗಿಬಿಡುತ್ತೇನೆ. ಎರಡು ಪುಟ ಬರೆದ ಮೇಲೂ ಮನೆ ಬಿದ್ದ ಸದ್ದು ಅದರಲ್ಲಿ ಇರಲಿಲ್ಲ. ಕನ್ನಡದಲ್ಲಿ ಮತ್ತೆ ಬರೆದೆ. ಓದಿ ಹೇಳಲು ಲುಂಬಿನಿಗೆ ಕೊಟ್ಟೆ. ನೆರೆಯಲ್ಲಿ ಬಿ.ಎ. ಪುಸ್ತಕಗಳನ್ನೆಲ್ಲ ಕಳೆದುಕೊಂಡು ತಾಯಿಯ ಜೊತೆ ಮೂರನೆಯ ಕೋಣೆಯಲ್ಲಿರುವ ಹುಡುಗಿ.

ಓದುತ್ತ ನಕ್ಕಳು. “ಮಿಸ್, ನಾ ನಿಮ್ಮ ಸ್ಟೂಡೆಂಟ್ ಇದ್ದೆ, ಗೊತ್ತದೇನ್ರಿ? ಹಿಂದಿನ ಬೆಂಚಿನ್ಯಾಗ ಕುಂದರ್ತಿದ್ದೆ. ಇಂಗ್ಲಿಷಿನಾಗ ಎರಡ್ ಸಲ ಫೇಲ್ ಮಾಡೀರಿ ನನ್ನ.”

ಗೊತ್ತಿರಲಿಲ್ಲ. ಇಪ್ಪತ್ತು ದಿನದಿಂದ ದಿನವೂ ಅವಳ ಮುಖ ನೋಡುತ್ತಿದ್ದೆ.

“ನನ್ನ ಪೇಪರಿನ್ಯಾಗ ಕೆಂಪು ಪೆನ್ನಿಂದ ಬರೀತಿದ್ರಿ, ನೇರವಾಗಿ ಉತ್ತರಿಸು ಅಂತ. ಈಗ ನಾ ಬರೀಲೇನ್ರಿ?” ಎಂದು ‘ಅನಿವಾರ್ಯ ಕಾರಣಗಳಿಂದ’ ಎಂಬುದನ್ನು ಹೊಡೆದುಹಾಕಿದಳು. “ಯಾವ ಅನಿವಾರ್ಯ? ರಾಡಿ ಇತ್ತು, ನೀವು ಒಳಗ ಬರ್ಲಿಲ್ಲ. ಹಂಗ ಬರೀರಿ.” ‘ಪರಿಸ್ಥಿತಿಯ ಒತ್ತಡದಲ್ಲಿ’ ಹೋಯಿತು. ‘ವಿನಮ್ರವಾಗಿ ಅರಿಕೆ’ ಹೋಯಿತು. ಎರಡು ಪುಟದ ಪತ್ರ ಒಂದು ಪುಟವಾಯಿತು.

“ಚಪ್ಪಲಿಯ ವಿಷಯ?” ಎಂದು ಕೇಳಿದೆ. ಅವಳಿಗೆ ಮಾತ್ರ ಹೇಳಿದ್ದೆ.

ಪೆನ್ನಿನ ಮುಚ್ಚಳ ಹಾಕಿದಳು. “ಅದು ಬ್ಯಾಡ್ರಿ. ಅದು ನಿಮ್ಮ ಹತ್ರ ಇರ್ಲಿ.”

ಇವತ್ತು ಹಾಸಿಗೆ, ಎರಡು ಸೀರೆ ತಂದಿದ್ದೇನೆ. ರೈಲಿನ ಓಡಾಟದಲ್ಲಿ ಸಮಯ ಹಾಳು, ಬೇರೇನಲ್ಲ. ಲುಂಬಿನಿಯ ಕೋಣೆಯಲ್ಲಿ ಜಾಗವಿದೆ.

ನವೆಂಬರ್ 2, ಭಾನುವಾರ

ಬೆಳಿಗ್ಗೆ ಎಲ್ಲರೂ ಓಣಿಗೆ ಹೋಗಿ ಚೀಟಿಗಳನ್ನು ಬಿಡಿಸಿ ತಂದೆವು. ಹನ್ನೆರಡು ಹರಿದಿದ್ದವು. ಮಾಳಮ್ಮನದು ಕಲ್ಲಿನಡಿ ಇದೆ. ಒಂದು ಮಾತ್ರ ಅಂಟಿಸಿದ ದಿನ ಹೇಗಿತ್ತೋ ಹಾಗೇ ಇತ್ತು. ಅದು ಗನಿಸಾಬನ ಮನೆಯದು.

ಅವನು ನಾಚಿಕೊಂಡ. ತನ್ನ ಮನೆಗೆ ಮಣ್ಣಿನ ಬದಲು ಸುಣ್ಣದ ಗಾರೆ ಹಾಕಿದ್ದನಂತೆ, ಮೂರು ಬೇಸಿಗೆ ಒಬ್ಬನೇ ಕಟ್ಟಿದ್ದನಂತೆ. “ಉಳದವರಿಗೂ ಗಾರಿ ಹಾಕ್ರಿ ಅಂದಿದ್ದೆ ಮೇಡಂ, ಅವರ ಕೈಲಿ ಆಗ್ಲಿಲ್ಲ” ಎಂದು ತಾನೇ ತಪ್ಪು ಮಾಡಿದವನಂತೆ ನೆಲ ನೋಡಿದ.

ಒಂದು ಕ್ಷಣ ಯೋಚಿಸಿದೆ, ಹದಿಮೂರು ಹರಿದಿವೆ ಎಂದರೆ ವಾದ ಗಟ್ಟಿ, ಈ ಹದಿನಾಲ್ಕನೆಯದು ಅದನ್ನು ಸಡಿಲ ಮಾಡುತ್ತದೆಯೇ ಎಂದು. ಗನಿಸಾಬ ನನ್ನ ಮುಖ ಓದಿದ. “ನಂದು ನಿಂತದ ಅಂತನೇ ಬರೀರಿ. ಒಂದು ಖರೆ ಬರ್ದ್ರ ಉಳದ ಹದಮೂರರ ಮ್ಯಾಲ ಭರೋಸಾ ಬರ್ತದ.”

ಹಾಗೇ ಬರೆದೆ. ಹಾಗಾದರೆ ನೀವು ಮನೆಗೆ ಹೋಗಬಹುದಲ್ಲ, ನಿಮ್ಮದು ಗಟ್ಟಿಯಾಗಿದೆ ಎಂದು ಸೈದಾನಬಿಗೆ ಹೇಳಿದೆ. ಅವಳು ಹಿಟ್ಟಿನ ಕೈ ಸೊಂಟಕ್ಕಿಟ್ಟು ನಿಂತಳು.

“ತವಾ ಯಾರದ್ರಿ?”

“ನಿಮ್ಮದು.”

“ನಾ ಹೋದ್ರ ತವಾನೂ ಹೋಗ್ತದ. ಆಮ್ಯಾಲ ಈ ಮಾಳಮ್ಮಕ್ಕನ ನಕಾಶಿ ಎಲ್ಲಿ ಸುಡಬೇಕು?”

“ನಿನ್ನ ತಲಿ ಮ್ಯಾಲ” ಎಂದಳು ಮಾಳಮ್ಮ. “ಯಾವತ್ತೂ ಕಾದೇ ಇರ್ತದ.”

ಪತ್ರಕ್ಕೆ ಹದಿನಾಲ್ಕು ಮನೆಯವರ ಸಹಿ, ಹೆಬ್ಬೆಟ್ಟು ಬಿದ್ದವು. ಗನಿಸಾಬನ ಹೆಬ್ಬೆಟ್ಟಿಗೆ ಗೆರೆಗಳೇ ಮೂಡಲಿಲ್ಲ. ಕಲ್ಲು ಹೊತ್ತು ಸವೆದಿವೆ. ಮೂರು ಸಲ ಒತ್ತಿಸಿ, ಕೊನೆಗೆ ಪಕ್ಕದಲ್ಲಿ ಲುಂಬಿನಿ ಅವನ ಹೆಸರು ಬರೆದಳು. ಪತ್ರದಲ್ಲಿ ಕೇಳಿರುವುದು ಎರಡೇ: ಮನೆಗಳನ್ನು ಗೌಂಡಿ ಕೆಲಸ ತಿಳಿದವರಿಂದ, ಒಳಗೆ ಹೋಗಿ, ಮತ್ತೆ ಪರೀಕ್ಷಿಸಬೇಕು, ಅಲ್ಲಿಯವರೆಗೆ ನಾವು ಈ ಹಾಸ್ಟೆಲ್ಲಿನಲ್ಲೇ ಇರುತ್ತೇವೆ. ಇರಲು ಅಪ್ಪಣೆ ಕೊಡಿ ಎಂದು ಬರೆದಿದ್ದೆ. ಅದನ್ನೂ ಲುಂಬಿನಿ ಹೊಡೆದುಹಾಕಿದ್ದಳು.

ಉಳಿದದ್ದು ಹಾಸ್ಟೆಲ್ಲಿನ ಕೀಲಿಕೈ. ನಾಳೆ ಹನ್ನೊಂದಕ್ಕೆ ಅದು ಸುರೇಶಕುಮಾರರ ಟೇಬಲ್ಲಿನ ಮೇಲಿರಬೇಕು. ಇರುವುದಿಲ್ಲ. ಸರ್ಕಾರದ ವಸ್ತುವನ್ನು ಹಿಂದಿರುಗಿಸದಿದ್ದರೆ ಅದಕ್ಕೆ ಏನು ಹೆಸರೆಂದು ನನಗೆ ಗೊತ್ತು. ಮಧ್ಯಾಹ್ನವೆಲ್ಲ ಅದನ್ನು ಕೈಯಲ್ಲಿ ಹಿಡಿದು ಓಡಾಡಿದೆ. ಸಂಜೆ ಮಾಳಮ್ಮ ಕೈ ಚಾಚಿದಳು. ಕೊಟ್ಟೆ. ಸೆರಗಿನ ತುದಿಗೆ ಕಟ್ಟಿ, ಹಲ್ಲಿನಿಂದ ಗಂಟು ಬಿಗಿದು, ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಬೇಕಾದವರು ಬಂದು ನನ್ನ ಸೆರಗಿಗಿ ಕೈ ಹಾಕ್ಲಿ, ನೋಡೋಣು.”

ನಾಳೆ ಬೆಳಿಗ್ಗೆ ರೊಟ್ಟಿ ಬಡಿಯುವ ಪಾಳಿ ನನ್ನದು. ಐದಕ್ಕೆ ಏಳಬೇಕು. ಆಮೇಲೆ ಅಂಚೆ ಕಚೇರಿ. ದೇವಿಂದ್ರ ಮತ್ತು ಲುಂಬಿನಿ ಜೊತೆಗೆ ಬರುತ್ತಾರೆ. ಅಲ್ಲಿಂದ ಟೇಬಲ್ಲಿಗೆ, ಬರಿಗೈಯಲ್ಲಿ.

ಲಕೋಟೆಯ ಬಾಯಿಗೆ ಹಚ್ಚಲು ಸೈದಾನಬಿ ಹಿಟ್ಟಿನ ಅಂಟನ್ನೇ ಕಾಯಿಸಿಕೊಟ್ಟಳು. ಮುಚ್ಚುವ ಮೊದಲು ಪತ್ರದ ಮೊದಲ ಸಾಲನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ:

‘ಹದಿನಾಲ್ಕು ಮನೆಗಳಲ್ಲಿ ಒಂದರೊಳಗೂ ಕಾಲಿಡದೆ, ಎಲ್ಲ ಗೋಡೆಗಳೂ ನಿಂತಿವೆ ಎಂದು ಬರೆದವಳು ನಾನು.’

ದೇವಿಂದ್ರ ಅಂಟಿನ ಬಟ್ಟಲನ್ನು ನನ್ನ ಕಡೆ ಸರಿಸಿದ.

ಅಂಚೆಗೆ ಹಾಕುವ ದಿನ: ನವೆಂಬರ್ 3, ಸೋಮವಾರ.